ಹೆಪ್ಪು ಎಂದು ಬರೆದ ಬಾಟಲಿ

ಹೊಸನಗರ
೯ ಫೆಬ್ರವರಿ ೨೦೨೫

ಸಭೆಗೆ ನಮಸ್ಕಾರ.

ಬರಲು ಒಪ್ಪಿಕೊಂಡ ಹುಲಿಯಮ್ಮನವರಿಗೆ ಮೊದಲು ಕೈಮುಗಿಯುತ್ತೇನೆ. ಈ ಶೆಡ್ಡಿಗೆ ಮಾಡು ಹೊದಿಸಿಕೊಟ್ಟ ಸಾಗರದ ಹಿರಿಯ ಟಿಂಕರ್ ಮಹಾಗಣಪತಿಯವರಿಗೆ, ಯಂತ್ರಗಳನ್ನು ಒದಗಿಸಿದ ತೀರ್ಥಹಳ್ಳಿಯ ರವೀಂದ್ರ ಅವರಿಗೆ, ಅವರ ತಾಯಿ ದುಗ್ಗಮ್ಮನವರಿಗೆ ನಾನು ಋಣಿ. ಹಳೆಯ ಕಾರುಗಳ ಬಣ್ಣದ ಕೆಲಸ, ಚರ್ಮದ ಕೆಲಸ ಕಲಿಯಲು ಬಂದಿರುವ ಒಂಬತ್ತು ಮಂದಿ ಮಕ್ಕಳೇ, ನಿಮಗೆ ಆಶೀರ್ವಾದ.

ಮೊದಲ ದಿನ ಕಲಿಸುವವನು ತನ್ನ ಕೆಲಸದ ಹಿರಿಮೆಯನ್ನು ಹೇಳುವುದು ವಾಡಿಕೆ. ನಾನು ಅದರ ಬದಲು ಕೆಲವು ಪತ್ರಗಳನ್ನು ಓದಿಸುತ್ತಿದ್ದೇನೆ. ನಲವತ್ತು ವರ್ಷ ಕಂಪ್ರೆಸರ್ ಪಕ್ಕದಲ್ಲಿ ನಿಂತು ನನ್ನ ಕಿವಿ ಮಂದವಾಯಿತು. ಫೋನಿನ ಮಾತು ನನಗೆ ಕೇಳಿಸದು. ಬಣ್ಣವನ್ನಂತೂ ಫೋನಿನ ಚಿತ್ರದಲ್ಲಿ ನೋಡಿ ನಂಬಲಾಗದು. ಆದ್ದರಿಂದ ನನ್ನ ಶಿಷ್ಯ, ಹುಲಿಯಮ್ಮನವರ ಮಗ ಯೋಗರಾಜ ಬಣ್ಣ ಹೊಡೆದ ತಗಡಿನ ಚೂರುಗಳನ್ನು ಕಾಗದದಲ್ಲಿ ಸುತ್ತಿ ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಕಳಿಸುತ್ತಿದ್ದ. ನಾನು ಸಾಗರದಿಂದ ಉತ್ತರ ಕೊಡುತ್ತಿದ್ದೆ. ಆ ಕಾಗದಗಳೇ ಇವು.

ಯೋಗರಾಜ ಈಗ ಇಲ್ಲ. ಇಪ್ಪತ್ತಾರು ವರ್ಷಕ್ಕೇ ಹೋದ. ಓದುವವಳು ಅವನ ಅಕ್ಕ ಬಿಂದು. ಒಂದು ಸಾಲನ್ನೂ ಬಿಡಕೂಡದೆಂಬುದು ಅವಳ ಷರತ್ತು. ನನಗೆ ನಾಚಿಕೆ ತರುವ ಸಾಲುಗಳು ಬಂದಾಗ ನಾನು ತಲೆ ತಗ್ಗಿಸುತ್ತೇನೆ. ನೀವು ತಗ್ಗಿಸಬೇಡಿ; ಕೇಳಿಸಿಕೊಳ್ಳಿ.

ಕನ್ನಪ್ಪ

*

ತೀರ್ಥಹಳ್ಳಿ
೧೨ ಏಪ್ರಿಲ್ ೨೦೨೩

ಪೂಜ್ಯ ಮೇಸ್ತ್ರಿಯವರಿಗೆ ಯೋಗರಾಜನ ನಮಸ್ಕಾರಗಳು.

ಕ್ಷೇಮವಾಗಿ ತಲುಪಿದೆ. ಹೊಸನಗರ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಬಿಂದು ಅಕ್ಕ ತನ್ನ ಟೈಲರ್ ಅಂಗಡಿಯಿಂದ ಓಡಿ ಬಂದು ರೊಟ್ಟಿ ಕಟ್ಟಿಕೊಟ್ಟಳು. ಅವಳ ಕೊರಳಿನಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

ಕಾರು ರವೀಂದ್ರಣ್ಣನವರ ಹಳೆಯ ಅಕ್ಕಿ ಗಿರಣಿಯೊಳಗಿದೆ. ೧೯೫೩ರ ಜಾಗ್ವಾರ್. ಅವರ ತಂದೆ ಮುಕುಂದಯ್ಯನವರು ಚಿಕ್ಕಮಗಳೂರಿನ ಕಾಫಿ ತೋಟದವರಿಂದ ತಂದದ್ದಂತೆ. ಮೈ ನಾವು ಹೆದರಿದಷ್ಟು ಕೆಟ್ಟಿಲ್ಲ. ನಾಲ್ಕು ಬಾಗಿಲುಗಳ ಕೆಳ ಅಂಚು ಮಾತ್ರ ತುಕ್ಕು ತಿಂದಿದೆ. ಆದರೆ ನಡುವೆ ಯಾವನೋ ಪುಣ್ಯಾತ್ಮ ಇಡೀ ಕಾರಿಗೆ ಕಪ್ಪು ಬಳಿದಿದ್ದಾನೆ, ಅದೂ ಬ್ರಷ್ಷಿನಲ್ಲಿ. ಸೀಟುಗಳ ಚರ್ಮದ ಮೇಲೆ ಬೂಷ್ಟು ಬೆಳೆದು ಹಿಟ್ಟು ಚೆಲ್ಲಿದಂತಿದೆ. ಹಿಂದಿನ ಸೀಟಿನ ಹೊಲಿಗೆ ಒಂದು ಮೊಳ ಬಿಟ್ಟಿದೆ.

ರವೀಂದ್ರಣ್ಣನವರ ತಾಯಿ ದುಗ್ಗಮ್ಮನವರು ಕೋಲೂರಿಕೊಂಡು ನೋಡಲು ಬಂದರು. "ಯಾರ ಪೈಕಿ ಮಾರಾಯ ನೀನು?" ಎಂದು ಕೇಳಿದರು. ಈ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇರುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. "ಕನ್ನಪ್ಪ ಮೇಸ್ತ್ರಿ ಪೈಕಿ, ಅಮ್ಮಾ" ಎಂದೆ. ಒಂದು ಗಳಿಗೆ ನನ್ನ ಮುಖ ನೋಡಿದರು. "ಅದ್ಯಾವ ಪೈಕಿನೋ ನಂಗೊತ್ತಿಲ್ಲಪ್ಪ. ಕಾಲ್ ತೊಳ್ಕಂಡ್ ಬಾ, ಊಟಕ್ಕೆ ಹಾಕ್ತೀನಿ" ಎಂದರು.

ಕೆಲಸ ಎಲ್ಲಿಂದ ಶುರು ಮಾಡಲಿ, ತಿಳಿಸಿ.

ನಿಮ್ಮ ಶಿಷ್ಯ
ಯೋಗರಾಜ

*

ಸಾಗರ
೧೬ ಏಪ್ರಿಲ್ ೨೦೨೩

ಚಿರಂಜೀವಿ ಯೋಗರಾಜನಿಗೆ ಆಶೀರ್ವಾದಗಳು.

ದುಗ್ಗಮ್ಮನವರಿಗೆ ನೀನು ಕೊಟ್ಟ ಉತ್ತರ ಓದಿ ಬಹಳ ಹೊತ್ತು ನಕ್ಕೆ.

ಮೊದಲು ಹಿಂದಿನ ನಂಬರ್ ಪ್ಲೇಟು ಬಿಚ್ಚು. ಬಿಸಿಲು ಕಾಣದ ಆ ಜಾಗದಲ್ಲಿ ಕಾರಿನ ಹುಟ್ಟುಬಣ್ಣ ಉಳಿದಿರುತ್ತದೆ. ಅದನ್ನು ಕೆರೆಯಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ಬೆಳಗಿನ ಬೆಳಕಿನಲ್ಲಿ ನೋಡು. ಚರ್ಮವನ್ನು ಬಿಸಿಲಿಗೆ ಹಾಕಬೇಡ. ನೆರಳಿನಲ್ಲಿ ಗಾಳಿಯಾಡಿಸಿ ಎಣ್ಣೆಯನ್ನು ಅಂಗೈಯಲ್ಲೇ ಹಚ್ಚು. ಬಟ್ಟೆಗೆ ಚರ್ಮದ ಬಾಯಾರಿಕೆ ತಿಳಿಯುವುದಿಲ್ಲ. ಹೊಲಿಯುವಾಗ ಸೂಜಿ ಹಳೆಯ ತೂತಿನಲ್ಲೇ ಹೋಗಬೇಕು. ಪಕ್ಕದಲ್ಲಿ ಹೊಸ ತೂತು ಹಾಕಿದೆಯೋ, ಅಂಚೆಚೀಟಿಯ ಅಂಚಿನಂತೆ ಸಲೀಸಾಗಿ ಹರಿದು ಬರುತ್ತದೆ.

ಇನ್ನೊಂದು ಮಾತು. ನನ್ನ ಅಜ್ಜನ ಕೈ ಚರ್ಮ ಹದ ಮಾಡಿದ ಕೈ, ನಿನ್ನ ಅಜ್ಜನದೂ ಹಾಗೆಯೇ. ಚರ್ಮ ನಮಗೆ ಹುಟ್ಟಿನಿಂದ ಬಂದದ್ದು. ಬಣ್ಣ ನಾವು ಗೆದ್ದದ್ದು. ನನಗೆ ಸ್ಪ್ರೇ ಗನ್ ಮುಟ್ಟಲು ಬಿಡಲು ನನ್ನ ಗುರುಗಳು ಆರು ವರ್ಷ ತೆಗೆದುಕೊಂಡರು. ಗನ್ ಹಿಡಿದ ಮೇಲೆ ನಾನು ಅದನ್ನು ಕೆಳಗಿಟ್ಟವನಲ್ಲ. ನೀನೂ ಇಡಬಾರದು. ಈ ಕಾರನ್ನು ನೀನೊಬ್ಬನೇ ಮುಗಿಸಿದರೆ, ಈ ವರ್ಷದ ಆಯುಧಪೂಜೆಯ ದಿನ ಸಾಗರದ ಎಲ್ಲ ಹಿರಿಯ ಪೇಂಟರ್‌ಗಳ ಮುಂದೆ ನನ್ನ ಗನ್ ನಿನ್ನ ಕೈಗೆ ಕೊಡುತ್ತೇನೆ. ಅಂಗಡಿಯ ಬೋರ್ಡಿನಲ್ಲಿ ನಿನ್ನ ಹೆಸರು ಬರುತ್ತದೆ.

ಕನ್ನಪ್ಪ

*

ತೀರ್ಥಹಳ್ಳಿ
೨೭ ಜೂನ್ ೨೦೨೩

ಪೂಜ್ಯ ಮೇಸ್ತ್ರಿಯವರಿಗೆ ನಮಸ್ಕಾರಗಳು.

ನೀವು ಹೇಳಿದಂತೆ ನಂಬರ್ ಪ್ಲೇಟಿನ ಕೆಳಗೇ ಸಿಕ್ಕಿತು. ಹಸಿರೆನ್ನಲಾಗದು, ಬೂದಿಯೆನ್ನಲಾಗದು, ಬೇಸಿಗೆಯಲ್ಲಿ ತುಂಗೆಯ ಮಡು ನಿಂತಾಗ ಬರುವ ಬಣ್ಣ. ಏಳು ಸಲ ಬೆರೆಸಿ ಎಂಟನೆಯ ಸಲಕ್ಕೆ ಹೊಂದಿಸಿದೆ. ಮೊದಲನೆಯ ಚೂರು ಅದು. ದುಗ್ಗಮ್ಮನವರಿಗೆ ತೋರಿಸಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಇದೇ ಇದೇ! ಮದ್ವೆ ಆಗಿ ಬರ್ಬೇಕಾದ್ರೆ ಆಗುಂಬೆ ತಿರುವಲ್ಲಿ ಕಿಟಕಿಯಿಂದ ತಲೆ ಹಾಕಿ ಈ ಬಾಗ್ಲಿನ ಮೇಲೇ ವಾಂತಿ ಮಾಡಿದ್ದೆ. ಬಣ್ಣ ಮರೆಯಕ್ಕಾಗತ್ತಾ?"

ರವೀಂದ್ರಣ್ಣ, "ಅಮ್ಮಾ, ಇದನ್ನೆಲ್ಲ ಹೇಳ್ಬೇಡ ಮಾರಾಯ್ತಿ" ಎಂದು ಮುಖ ಮುಚ್ಚಿಕೊಂಡರು.

ಎರಡನೆಯ ಚೂರನ್ನು ತೋರಿಸಲು ಸಂಕಟವಾಗುತ್ತಿದೆ. ನಾವು ಯಾವಾಗಲೂ ಹೊಡೆಯುವ ಎನ್‌ಸಿ ಪೇಂಟನ್ನೇ ಬಾನೆಟ್ಟಿಗೆ ಹೊಡೆದೆ. ಹೊರಗೆ ಮಳೆ. ಹತ್ತು ನಿಮಿಷದಲ್ಲಿ ಹಾಲು ಚೆಲ್ಲಿ ಒರೆಸಿದಂತೆ ಬಿಳಿಚಿಕೊಂಡಿತು. ಉಜ್ಜಿ ತೆಗೆದು ಮತ್ತೆ ಹೊಡೆದರೂ ಅದೇ ಕಥೆ. ರವೀಂದ್ರಣ್ಣ ಏನೂ ಆತುರ ಮಾಡುತ್ತಿಲ್ಲ. "ಮಳೆ ಬಿಡ್ಲಿ ಬಿಡೋ" ಎನ್ನುತ್ತಾರೆ. ಆದರೆ ಮಳೆ ಬಿಡುವವರೆಗೆ ಕಾದರೆ ಆಯುಧಪೂಜೆಗೆ ಮುಗಿಯುವುದಿಲ್ಲ.

ಯೋಗರಾಜ

*

ಸಾಗರ
೨ ಜುಲೈ ೨೦೨೩

ಚಿರಂಜೀವಿ ಯೋಗರಾಜನಿಗೆ ಆಶೀರ್ವಾದಗಳು.

ಮೊದಲನೆಯ ಚೂರನ್ನು ಮಹಾಗಣಪತಿಗೆ ತೋರಿಸಿದೆ. "ಹುಡ್ಗ ನಿನ್ನ ಮೀರ್ಸ್‌ದ ಕಣಾ" ಎಂದ. ಬೈಗುಳವೆಂಬಂತೆ ಹೇಳಿದನಾದರೂ ನನಗೆ ಹಬ್ಬವಾಯಿತು.

ಎರಡನೆಯದು ನಿನ್ನ ತಪ್ಪಲ್ಲ. ಗಾಳಿಯ ತೇವವನ್ನು ಆ ಪೇಂಟು ತಡೆಯದು. ಅದಕ್ಕೆ ಬೇರೆ ಉಪಾಯವಿದೆ. ಕಂಡಕ್ಟರ್ ಬಾಲುವಿನ ಬಸ್ಸಿನಲ್ಲಿ ಎರಡು ಪಾತ್ರೆ ಕಳಿಸಿದ್ದೇನೆ. ದೊಡ್ಡ ಡಬ್ಬಿಯಲ್ಲಿರುವುದು ಹೊಸ ಬಗೆಯ ಪೇಂಟು, ನಿನ್ನ ಬಣ್ಣಕ್ಕೇ ಹೊಂದಿಸಿದ್ದೇನೆ. ಬಾಟಲಿಯ ಮೇಲೆ "ಹೆಪ್ಪು" ಎಂದು ಬರೆದಿದ್ದೇನೆ. ಹಾಲಿಗೆ ಹೆಪ್ಪು ಹಾಕಿದಂತೆ ಪೇಂಟಿನ ನಾಲ್ಕು ಪಾಲಿಗೆ ಇದರ ಒಂದು ಪಾಲು ಬೆರೆಸಬೇಕು. ಕೆಲವೇ ಗಂಟೆಗಳಲ್ಲಿ ಗಾಜಿನಂತೆ ಗಟ್ಟಿಯಾಗುತ್ತದೆ. ನಾನು ಎರಡು ವರ್ಷದಿಂದ ಅಂಗಳದಲ್ಲಿ ಚಿಕ್ಕಪುಟ್ಟ ಭಾಗಗಳಿಗೆ ಹೊಡೆದು ನೋಡಿದ್ದೇನೆ.

ಅಂಗಡಿಯ ಡಬ್ಬಿಯಿಂದ ನನ್ನ ಡಬ್ಬಿಗೆ ಸುರಿದೇ ಕಳಿಸಿದ್ದೇನೆ. ಯಾವ ಕಂಪನಿಯದು, ಏನು ಹೆಸರು ಎಂದು ಕೇಳಬೇಡ. ನನ್ನ ಗುರುಗಳು ನನಗೆ ಹನ್ನೊಂದು ವರ್ಷ ಹೇಳಿರಲಿಲ್ಲ. ಪೇಂಟರ್‌ನ ಗುಟ್ಟು ಅವನ ಡಬ್ಬಿಯಲ್ಲಿರುತ್ತದೆ. ಗನ್ ನಿನ್ನ ಕೈಗೆ ಬಂದ ದಿನ ಗುಟ್ಟೂ ಬರುತ್ತದೆ.

ಗಿರಣಿಯ ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚು. ಮಳೆಯ ಹುಳು ಒಂದು ಬಂದು ಕೂತರೂ ಕೆಲಸ ಕೆಟ್ಟಿತು. ಹೆಗಲ ಮೇಲಿನ ಬೈರಾಸನ್ನು ಒದ್ದೆ ಮಾಡಿ ಮೂರು ಮಡಿಕೆ ಹಾಕಿ ಮೂಗಿಗೆ ಕಟ್ಟಿಕೋ. ಕೆಲಸ ಮುಗಿದ ಕೂಡಲೇ ಎರಡು ಚಮಚ ಜೋನಿ ಬೆಲ್ಲ ನುಂಗು. ಗಂಟಲಲ್ಲಿ ಕೂತ ಪೇಂಟೆಲ್ಲ ಬೆಲ್ಲದ ಜೊತೆ ಇಳಿದು ಹೋಗುತ್ತದೆ. ಬೆಲ್ಲವನ್ನೂ ಕಳಿಸಿದ್ದೇನೆ.

ಕನ್ನಪ್ಪ

*

ತೀರ್ಥಹಳ್ಳಿ
೬ ಆಗಸ್ಟ್ ೨೦೨೩

ಪೂಜ್ಯ ಮೇಸ್ತ್ರಿಯವರಿಗೆ ನಮಸ್ಕಾರಗಳು.

ಬಾನೆಟ್ಟು, ಡಿಕ್ಕಿ, ಮೇಲ್ಛಾವಣಿ ಮುಗಿದವು. ಚೂರು ನೋಡಿ. ಇದು ಬಣ್ಣವೋ ನೀರೋ ಎಂದು ನನಗೇ ಅನುಮಾನ. ದುಗ್ಗಮ್ಮನವರು ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಹೂ ಸರಿಮಾಡಿಕೊಂಡರು. "ನನ್ನ ಗಂಡ ಇದ್ದಾಗ ಇಷ್ಟ್ ಹೊಳೀತಿರ್ಲಿಲ್ಲ, ಅವ್ರೂ ಹೊಳೀತಿರ್ಲಿಲ್ಲ" ಎಂದರು.

ಇಲ್ಲಿನ ಹವೆ ನನಗೆ ಅಷ್ಟಾಗಿ ಒಗ್ಗಿದಂತಿಲ್ಲ. ಸ್ಪ್ರೇ ಮಾಡುವಾಗ ಏನೂ ಆಗುವುದಿಲ್ಲ. ಆ ದಿನ ಸಂಜೆಯಾಗುತ್ತಲೇ ಎದೆಗೆ ಹಗ್ಗ ಸುತ್ತಿ ಬಿಗಿದಂತಾಗಿ ಕೆಮ್ಮು ಬರುತ್ತದೆ. ಶನಿವಾರ ಕೆಲಸ ಬಿಟ್ಟು ಹೊಸನಗರಕ್ಕೆ ಅಮ್ಮನ ಹತ್ತಿರ ಹೋದರೆ ಭಾನುವಾರ ಅದರ ಸುಳಿವೇ ಇರುವುದಿಲ್ಲ. ಸೋಮವಾರ ಮತ್ತೆ ಹಾಜರು. ಜಡಿಮಳೆಯ ಶೀತವಿರಬೇಕು.

ಬೆಲ್ಲ ಮುಗಿಯಿತು. ಎರಡು ಚಮಚದ ಬದಲು ನಾಲ್ಕು ನುಂಗುತ್ತಿದ್ದೇನೆ. ಇನ್ನೊಂದು ಬಾಟಲಿ ಕಳಿಸಿಕೊಡಿ.

ಯೋಗರಾಜ

*

ಸಾಗರ
೧೦ ಆಗಸ್ಟ್ ೨೦೨೩

ಚಿರಂಜೀವಿ ಯೋಗರಾಜನಿಗೆ ಆಶೀರ್ವಾದಗಳು.

ಚೂರನ್ನು ಅಂಗಡಿಯ ಗಾಜಿನ ಕಪಾಟಿನಲ್ಲಿಟ್ಟಿದ್ದೇನೆ. ಬಂದವರಿಗೆಲ್ಲ ತೋರಿಸುತ್ತೇನೆ.

ಭಾನುವಾರ ಇಲ್ಲದ ಕೆಮ್ಮು ಸೋಮವಾರ ಬರುತ್ತದೆಂದರೆ, ಮಗನೇ, ಅದು ಎದೆಯ ಕಾಯಿಲೆಯಲ್ಲ, ಅಮ್ಮನ ಕೈಯಡುಗೆಯ ಕಾಯಿಲೆ. ನಾನೂ ನಿನ್ನ ವಯಸ್ಸಿನಲ್ಲಿ ಹುಬ್ಬಳ್ಳಿಯಲ್ಲಿದ್ದಾಗ ಪ್ರತಿ ಸೋಮವಾರ ಹೊಟ್ಟೆನೋವೆಂದು ಮಲಗುತ್ತಿದ್ದೆ. ಗುರುಗಳು ಒಂದು ಬಕೆಟ್ ನೀರು ಸುರಿದು ಎಬ್ಬಿಸುತ್ತಿದ್ದರು. ನಲವತ್ತು ವರ್ಷ ಗನ್ ಹಿಡಿದ ನನಗೆ ಏನೂ ಆಗಿಲ್ಲ. ಎರಡು ಬಾಟಲಿ ಬೆಲ್ಲ ಕಳಿಸಿದ್ದೇನೆ.

ಬಾಗಿಲುಗಳಿಗೆ ಕೈ ಹಾಕು. ಕಾರಿನ ಮುಖ ಬಾನೆಟ್ಟಾದರೂ ಅದರ ಮರ್ಯಾದೆ ಬಾಗಿಲಿನಲ್ಲಿರುತ್ತದೆ.

ಕನ್ನಪ್ಪ

*

ತೀರ್ಥಹಳ್ಳಿ
೧೪ ಸೆಪ್ಟೆಂಬರ್ ೨೦೨೩

ಪೂಜ್ಯ ಮೇಸ್ತ್ರಿಯವರಿಗೆ ನಮಸ್ಕಾರಗಳು.

ಕಾಗದ ತಡವಾದದ್ದಕ್ಕೆ ಕ್ಷಮಿಸಿ. ಈ ತಿಂಗಳು ಬಾಗಿಲುಗಳನ್ನು ಹಾಗೇ ಬಿಟ್ಟು ಚರ್ಮದ ಕೆಲಸ ಹಿಡಿದೆ. ಹಿಂದಿನ ಸೀಟು ಮುಗಿಯಿತು. ನಾನೂರ ಹದಿನೆಂಟು ತೂತು, ಎಲ್ಲವೂ ಹಳೆಯವೇ. ಎಣ್ಣೆ ಕುಡಿದು ಚರ್ಮ ಮೃದುವಾಗಿದೆ. ಕುಳಿತರೆ ನಿಟ್ಟುಸಿರು ಬಿಟ್ಟಂತೆ ಸದ್ದು ಮಾಡುತ್ತದೆ. ಈ ಕೆಲಸ ಮಾಡುವಾಗ ಮನಸ್ಸಿಗೆ ಬಹಳ ಹಗುರ.

ಒಂದು ವಿನಂತಿ. ಹೆಪ್ಪಿನ ನಿಜವಾದ ಹೆಸರೇನೆಂದು ದಯಮಾಡಿ ತಿಳಿಸಬಹುದೇ? ಹಳೆಯ ಡಬ್ಬಿ ಇದ್ದರೆ ಅದನ್ನೇ ಬಸ್ಸಿನಲ್ಲಿ ಕಳಿಸಿದರೂ ಆದೀತು. ಕೇಳಬಾರದೆಂದು ನೀವು ಹೇಳಿದ್ದು ನೆನಪಿದೆ. ಅನ್ಯಥಾ ಭಾವಿಸಬೇಡಿ. ಇಲ್ಲಿ ಒಬ್ಬರು ಕೇಳುತ್ತಿದ್ದಾರೆ.

ಯೋಗರಾಜ

*

ಸಾಗರ
೧೮ ಸೆಪ್ಟೆಂಬರ್ ೨೦೨೩

ಯೋಗರಾಜನಿಗೆ,

ಆ ಒಬ್ಬರು ಯಾರೆಂದು ನನಗೆ ಗೊತ್ತು. ನಿನ್ನ ಕಾಗದ ತಂದ ದಿನವೇ ಕಂಡಕ್ಟರ್ ಬಾಲು ಹೇಳಿದ: "ನಿಮ್ ಹುಡ್ಗ ಇನ್ನು ಅಲ್ಲೇ ಬೇರು ಬಿಟ್ಟ ಮೇಸ್ತ್ರೀ. ರವೀಂದ್ರಣ್ಣ ಇನ್ನೂ ಎರಡು ಹಳೇ ಕಾರು ತಂದ್ರಂತೆ, ಗಿರಣೀಲೇ ವರ್ಕ್‌ಶಾಪ್ ಮಾಡ್ತಾರಂತೆ." ನಾನು ನಕ್ಕು ಸುಮ್ಮನಾಗಿದ್ದೆ. ನಿನ್ನ ಕಾಗದ ಬಿಚ್ಚಿ ಓದಿದ ಮೇಲೆ ನಗು ನಿಂತಿತು.

ನನ್ನ ಗುಟ್ಟು ತಿಳಿದ ಮೇಲೆ ನಿನಗೆ ನನ್ನ ಅಗತ್ಯವೇನು? ಆಯುಧಪೂಜೆಯವರೆಗೆ ಕಾಯುವ ತಾಳ್ಮೆ ಇಲ್ಲದಾಯಿತೇ? ನಾನು ಹನ್ನೊಂದು ವರ್ಷ ಕಾದೆ. ನಿನಗೆ ಒಂದು ತಿಂಗಳು ಹೆಚ್ಚಾಯಿತು. ಬಾಗಿಲು ಬಿಟ್ಟು ಚರ್ಮದ ಬೆಂಚಿನಲ್ಲಿ ಕುಳಿತಿದ್ದೀಯಂತೆ. ಗೆದ್ದದ್ದನ್ನು ಬಿಟ್ಟು ಹುಟ್ಟಿನಿಂದ ಬಂದದ್ದಕ್ಕೆ ಇಳಿಯುವವನಿಗೆ ನನ್ನ ಗನ್ ಏಕೆ?

ನಾಲ್ಕು ಬಾಗಿಲು ಮುಗಿಸದೆ ನನಗೆ ಕಾಗದ ಬರೆಯಬೇಡ. ಹವೆಯ ಕಥೆಯೂ ಬೇಡ, ಕೆಮ್ಮಿನ ಕಥೆಯೂ ಬೇಡ. ಬಾಗಿಲು ತೋರಿಸು.

ಕನ್ನಪ್ಪ

*

ತೀರ್ಥಹಳ್ಳಿ
೯ ಅಕ್ಟೋಬರ್ ೨೦೨೩

ಪೂಜ್ಯ ಮೇಸ್ತ್ರಿಯವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾಲ್ಕೂ ಮುಗಿಸಿಯೇ ಬರೆಯಬೇಕೆಂದಿದ್ದೆ, ಮೂರಾದವು. ಮೂರರ ಚೂರುಗಳನ್ನೂ ಇಟ್ಟಿದ್ದೇನೆ. ಹೆಸರು ಕೇಳಿದ್ದು ತಪ್ಪಾಯಿತು. ಇನ್ನು ಕೇಳುವುದಿಲ್ಲ.

ನೀವು ಎಣಿಸಿದಂತೆ ಏನೂ ಇಲ್ಲ. ನಿಮ್ಮ ಅಂಗಡಿಯನ್ನು ಬಿಟ್ಟು ನಾನು ಎಲ್ಲಿಗೂ ಹೋಗುವವನಲ್ಲ. ಅಕ್ಷರ ಸೊಟ್ಟಗಿವೆ, ಗೋಡೆಗೆ ಒರಗಿ ಬರೆಯುತ್ತಿದ್ದೇನೆ. ಈಗೀಗ ಕುಳಿತೇ ನಿದ್ದೆ ಮಾಡುವ ಅಭ್ಯಾಸವಾಗಿದೆ. ಬೆಳಿಗ್ಗೆ ಬೇಗ ಏಳಲು ಅನುಕೂಲ.

ಮುಂದಿನ ವಾರ ನಾಲ್ಕನೆಯದನ್ನು ಹೊಡೆಯುತ್ತೇನೆ. ಆಯುಧಪೂಜೆಗೆ ಬರುತ್ತೇನೆ.

ಯೋಗರಾಜ

*

ಸಾಗರ
೧೩ ಅಕ್ಟೋಬರ್ ೨೦೨೩

ಚಿರಂಜೀವಿ ಯೋಗರಾಜನಿಗೆ ಸಾವಿರ ಆಶೀರ್ವಾದಗಳು.

ಮೂರು ಚೂರುಗಳನ್ನೂ ಸಾಲಾಗಿ ಇಟ್ಟು ನೋಡಿದೆ. ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ನನ್ನ ಕೋಪವೆಲ್ಲ ಇಳಿಯಿತು. ಕುಳಿತೇ ನಿದ್ದೆ ಮಾಡುತ್ತೀಯೆಂದು ಓದಿ ನನ್ನ ಕಣ್ಣು ತುಂಬಿತು. ಕೆಲಸದ ಮೇಲೆ ಇಂಥ ನಿಷ್ಠೆ ಇರುವ ಹುಡುಗನ ಮೇಲೆ ಅನುಮಾನಪಟ್ಟೆನಲ್ಲ ಎಂದು ಮಹಾಗಣಪತಿಯ ಮುಂದೆ ಹೇಳಿಕೊಂಡೆ.

ಬೋರ್ಡು ಬರೆಸಿದ್ದೇನೆ: "ಕನ್ನಪ್ಪ ಮತ್ತು ಯೋಗರಾಜ." ಇಪ್ಪತ್ತಮೂರನೆಯ ತಾರೀಖು ಸೋಮವಾರ. ಅಮ್ಮನನ್ನೂ ಬಿಂದುವನ್ನೂ ಕರೆದುಕೊಂಡು ಬಾ. ನಾಲ್ಕನೆಯ ಬಾಗಿಲಿನ ಚೂರನ್ನು ಬಸ್ಸಿನಲ್ಲಿ ಕಳಿಸಬೇಡ. ನೀನೇ ಕೈಯಲ್ಲಿ ಹಿಡಿದು ತಾ.

ಕನ್ನಪ್ಪ

*

ಹೊಸನಗರ
೨೧ ಅಕ್ಟೋಬರ್ ೨೦೨೩

ಕನ್ನಪ್ಪ ಮೇಸ್ತ್ರಿಯವರಿಗೆ ಬಿಂದು ಬರೆಯುವುದು.

ಯೋಗರಾಜ ಮಂಗಳವಾರ ತೀರಿಕೊಂಡ. ಸುದ್ದಿ ನಿಮಗೆ ಬಾಲು ಹೇಳಿರಬಹುದು. ನೀವು ಬರಬೇಡಿರೆಂದು ಹೇಳಿ ಕಳಿಸಿದ್ದು ನಾನೇ.

ಹೇಗಾಯಿತೆಂದು ನೀವು ತಿಳಿಯಲೇಬೇಕು. ಮಂಗಳವಾರ ಬೆಳಿಗ್ಗೆ ನಾಲ್ಕನೆಯ ಬಾಗಿಲಿಗೆ ಬಣ್ಣ ಹೊಡೆದ. ಸಂಜೆ ನಾಲ್ಕು ಗಂಟೆಗೆ ಮಾತಾಡಲು ಉಸಿರು ಸಾಲದಾಯಿತು. ತುಟಿ ನೀಲಿಯಾಯಿತು. ರವೀಂದ್ರಣ್ಣ ತಮ್ಮ ಕಾರಿನಲ್ಲಿ ಹಾಕಿಕೊಂಡು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೊರಟರು. ಆಗುಂಬೆ ದಾಟಿ ಮೂರನೆಯ ತಿರುವಿನಲ್ಲಿ ಹೋದ. "ಬಾಗ್ಲು ಒಣಗಿದ್ಯಾ ನೋಡಿ" ಎಂದದ್ದೇ ಕೊನೆಯ ಮಾತಂತೆ.

ಹೆಪ್ಪಿನ ಹೆಸರನ್ನು ಕೇಳಿದ ಆ ಒಬ್ಬರು ರವೀಂದ್ರಣ್ಣ ಅಲ್ಲ, ಮೇಸ್ತ್ರಿಯವರೇ. ತೀರ್ಥಹಳ್ಳಿಯ ಡಾಕ್ಟರು. ಸೆಪ್ಟೆಂಬರಿನಲ್ಲಿ ನಾನೇ ಎಳೆದುಕೊಂಡು ಹೋಗಿದ್ದೆ. "ಎಂತ ಪೇಂಟು ಮಾರಾಯ ಅದು? ಡಬ್ಬಿ ತಗಂಡ್ ಬಾ, ಅಲ್ಲೀವರೆಗೆ ಗನ್ ಮುಟ್ಬೇಡ" ಎಂದಿದ್ದರು. ಅವನ ಹತ್ತಿರ ಇದ್ದದ್ದು ನಿಮ್ಮ ಕೈಬರಹದ ಬಾಟಲಿ. ಅದನ್ನೇ ತೋರಿಸಿದ. ಡಾಕ್ಟರು ಓದಿ, "ಹೆಪ್ಪಾ? ಮೊಸ್ರು ಮಾಡ್ತೀಯಾ?" ಎಂದರು. ಅವನು ನಕ್ಕ, ಆಮೇಲೆ ಕೆಮ್ಮಿದ.

"ಡಾಕ್ಟ್ರು ಕೇಳಿದ್ದು ಅಂತ ಬರಿಯೋ" ಎಂದೆ.

"ಬರದ್ರೆ ಮೇಸ್ತ್ರಿ ಗನ್ ಕಿತ್ಕಂಡು ಚರ್ಮದ ಬೆಂಚಿಗೆ ಹಾಕ್ತಾರೆ ಅಕ್ಕ."

"ಹಾಕ್ಲಿ. ಅದೂ ಕೆಲ್ಸ ಅಲ್ವೇನೋ?"

"ಬಣ್ಣ ನಾವು ಗೆದ್ದದ್ದು" ಎಂದ. ಅದು ಅವನ ಮಾತಲ್ಲವೆಂದು ನನಗೆ ಆಗಲೇ ಅನ್ನಿಸಿತ್ತು. ಈಗ ಅವನ ಟ್ರಂಕಿನಲ್ಲಿದ್ದ ನಿಮ್ಮ ಕಾಗದ ಓದಿ ಯಾರದೆಂದು ತಿಳಿಯಿತು. ನೀವು ಸಿಟ್ಟಿನಲ್ಲಿ ಬರೆದದ್ದು ಬರುವವರೆಗೆ ಅವನು ಡಾಕ್ಟರ ಮಾತು ಕೇಳಿ ಗನ್ ಮುಟ್ಟದೆ ಇದ್ದ. ಬಂದ ಮಾರನೆಯ ದಿನ ಬಾಗಿಲುಗಳನ್ನು ತೆಗೆದುಕೊಂಡ.

ನಿಮ್ಮ ಕೊನೆಯ ಕಾಗದವನ್ನೂ ಓದಿದೆ. ಉಸಿರು ಕಟ್ಟಿ ಮಲಗಲಾರದವನು ಕುಳಿತು ನಿದ್ದೆ ಮಾಡುತ್ತಾನೆ. ಅದು ನಿಷ್ಠೆ ಅಲ್ಲ.

ಬಿಂದು

*

ಸಾಗರ
೨೧ ಜನವರಿ ೨೦೨೪

ಬಿಂದುವಿಗೆ,

ಮೂರು ತಿಂಗಳಿನಿಂದ ಈ ಕಾಗದವನ್ನು ಬರೆದು ಹರಿಯುತ್ತಿದ್ದೇನೆ. ಕ್ಷಮೆ ಕೇಳುವ ಸಾಲಿನಿಂದ ಆರಂಭಿಸಿದ್ದನ್ನೆಲ್ಲ ಹರಿದೆ. ಇದರಲ್ಲಿ ಕ್ಷಮೆ ಕೇಳುವುದಿಲ್ಲ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ, ಅದನ್ನು ಹೇಳುತ್ತೇನೆ.

ಜೊತೆಯಲ್ಲಿ ಒಂದು ಲೇಬಲ್ ಇಟ್ಟಿದ್ದೇನೆ. ಹೆಪ್ಪು ಬಂದ ಅಂಗಡಿಯ ಡಬ್ಬಿಯಿಂದ ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದ್ದು. ಇಂಗ್ಲಿಷು ನನಗೆ ಬಾರದು. ಆದರೆ ಮೂಲೆಯಲ್ಲಿ ಒಂದು ಚಿತ್ರವಿದೆ: ಮನುಷ್ಯನ ತಲೆ, ಮುಖಕ್ಕೆ ಪೂರ್ತಿ ಮುಖವಾಡ. ಆ ಚಿತ್ರವನ್ನು ನಾನು ನೋಡಿದ್ದೆ. ಎರಡು ವರ್ಷದಿಂದ ನೋಡುತ್ತಿದ್ದೆ. ಶಿವಮೊಗ್ಗದಲ್ಲಿ ಇದನ್ನು ಮೊದಲ ಸಲ ಕೊಳ್ಳುವಾಗ ಅಂಗಡಿಯವನು, "ಮೇಸ್ತ್ರೀ, ಇದು ಹಳೇ ಪೇಂಟಿನ ಥರ ಅಲ್ಲ. ಹೊರಗಿನ ಗಾಳಿ ಪೈಪಲ್ಲಿ ಬರೋ ಮಾಸ್ಕ್ ಬೇಕು" ಎಂದಿದ್ದ. ನಾನು, "ನಲವತ್ತು ವರ್ಷ ಬೈರಾಸಲ್ಲಿ ಬದುಕಿದೀನಿ ಮಾರಾಯ, ನೀನು ನಂಗೆ ಉಸಿರಾಡೋದು ಕಲಿಸ್ತೀಯಾ?" ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಆ ನಗುವಿನಲ್ಲಿ ಮಾತು ಮುಗಿದುಹೋಯಿತು.

ಈಗ ತಿಳಿದವರನ್ನು ಕೇಳಿ ಬಂದಿದ್ದೇನೆ. ಇದರ ಹಬೆ ಒದ್ದೆ ಬಟ್ಟೆಗೆ ನಿಲ್ಲುವುದಿಲ್ಲ. ಬೆಲ್ಲ ಹೊಟ್ಟೆಗೆ ಹೋಗುತ್ತದೆ; ಹಬೆ ಹೋಗುವುದು ಶ್ವಾಸಕೋಶಕ್ಕೆ. ಒಮ್ಮೆ ದೇಹ ಅದನ್ನು ಹಗೆಯೆಂದು ಗುರುತಿಸಿದರೆ ಆಮೇಲೆ ಎಳ್ಳಷ್ಟು ಸಾಕಂತೆ. ಕೆಲಸದ ದಿನ ಸಂಜೆ ಎದೆ ಬಿಗಿದು, ರಜೆಯ ದಿನ ಬಿಡುವುದೇ ಅದರ ಗುರುತಂತೆ. ಅವನು ಆ ಗುರುತನ್ನು ಆಗಸ್ಟಿನಲ್ಲೇ ಇದ್ದದ್ದಿದ್ದಂತೆ ನನಗೆ ಬರೆದಿದ್ದ. ನಾನು ತಮಾಷೆ ಮಾಡಿದೆ. ನಾನು ಹೊಡೆದದ್ದು ಗಾಳಿಯಾಡುವ ಅಂಗಳದಲ್ಲಿ. ಬಾಗಿಲು ಮುಚ್ಚಿಕೊಳ್ಳೆಂದು ಅವನಿಗೆ ಹೇಳಿದವನೂ ನಾನೇ.

ಗನ್ ಅನ್ನು ಕೆಳಗಿಟ್ಟಿದ್ದೇನೆ. ಈ ಕಾಗದಕ್ಕೆ ಉತ್ತರ ಬರಬೇಕೆಂಬ ನಿರೀಕ್ಷೆಯಿಲ್ಲ.

ಕನ್ನಪ್ಪ

*

ಹೊಸನಗರ
೩ ನವೆಂಬರ್ ೨೦೨೪

ಕನ್ನಪ್ಪ ಮೇಸ್ತ್ರಿಯವರಿಗೆ,

ನಿಮ್ಮ ಕಾಗದ ಹತ್ತು ತಿಂಗಳು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿತ್ತು. ಲೇಬಲ್ಲನ್ನು ಮೊನ್ನೆ ಅಮ್ಮ ನೋಡಿದಳು. ಅವಳಿಗೆ ಯಾವ ಅಕ್ಷರವೂ ಬಾರದು. "ಇದೆಂತದೇ, ಈ ಮನ್ಷ ಮುಖಕ್ಕೆ ಎಂತ ಕಟ್ಕಂಡಾನೆ?" ಎಂದು ಕೇಳಿದಳು. ನಾನು ಹೇಳಿದೆ. ಅವಳು ಆ ಚಿತ್ರದ ಮೇಲೆ ಬೆರಳಾಡಿಸಿದಳು. ಬೈಯಲಿಲ್ಲ. ಬೈದಿದ್ದರೆ ನಿಮಗೆ ಈ ಕಾಗದ ಬರೆಯುತ್ತಿರಲಿಲ್ಲವೇನೋ.

ನಮ್ಮ ಅಂಗಡಿಯ ಎದುರಿನ ಗ್ಯಾರೇಜಿನಲ್ಲಿ ಮೂವರು ಹುಡುಗರು ಬಾಗಿಲು ಎಳೆದುಕೊಂಡು ಸ್ಪ್ರೇ ಮಾಡುತ್ತಾರೆ. ಲೇಬಲ್ ಹಿಡಿದುಕೊಂಡು ಹೋಗಿ ತೋರಿಸಿದೆ. "ಎಂತ ಆಗಲ್ಲ ಬಿಂದಕ್ಕ, ಬೆಲ್ಲ ತಿಂತೀವಲ್ಲ" ಎಂದರು. ಯಾರು ಹೇಳಿಕೊಟ್ಟರೆಂದು ಕೇಳಿದೆ. ಸಾಗರದಲ್ಲಿ ಕಲಿತವರೊಬ್ಬರಂತೆ. ಮೇಸ್ತ್ರಿಯವರೇ, ಆ ಮಾತು ನಿಮ್ಮದು. ಅದು ನಿಮಗಿಂತ ಮುಂದೆ ನಡೆದು ನಮ್ಮ ಬೀದಿಗೆ ಬಂದಿದೆ. ನೀವು ಗನ್ ಕೆಳಗಿಟ್ಟು ಮನೆಯಲ್ಲಿ ಕುಳಿತರೆ ಅದು ನಿಲ್ಲುವುದಿಲ್ಲ.

ರವೀಂದ್ರಣ್ಣ ಯಂತ್ರ ಕೊಡುತ್ತೇನೆನ್ನುತ್ತಿದ್ದಾರೆ. ನೀವು ಇಲ್ಲಿ ಬಂದು ಕಲಿಸಿ. ಗುಟ್ಟೆಂಬುದು ಒಂದೂ ಇರಬಾರದು. ಮೊದಲ ದಿನ ನಿಮ್ಮಿಬ್ಬರ ಕಾಗದಗಳನ್ನು, ನನ್ನವನ್ನೂ, ಎಲ್ಲರ ಮುಂದೆ ಓದಬೇಕು. ಓದುವವಳು ನಾನು. ನೀವು ಎದ್ದು ಹೋಗಬಾರದು.

ಕ್ಷಮಿಸಿದ್ದೇನೆಂದು ತಿಳಿಯಬೇಡಿ. ನನ್ನಿಂದ ಇನ್ನೂ ಆಗಿಲ್ಲ. ಮುಂದೆ ಆಗುತ್ತದೆಂದೂ ಹೇಳಲಾರೆ. ಆದರೆ ಆ ಮೂವರೂ ದಿನಾ ಬೆಳಿಗ್ಗೆ ನನ್ನ ಅಂಗಡಿಯ ಮುಂದೆಯೇ ಹಾದು ಹೋಗುತ್ತಾರೆ.

ಬಿಂದು

*

ಹೊಸನಗರ
೯ ಫೆಬ್ರವರಿ ೨೦೨೫

ಮಕ್ಕಳೇ, ಪತ್ರಗಳು ಇಲ್ಲಿಗೆ ಮುಗಿದವು. ಆ ಮೂವರೂ ನಿಮ್ಮ ಒಂಬತ್ತರಲ್ಲಿ ಇದ್ದಾರೆ. ಅವರು ಬಂದದ್ದು ನನ್ನನ್ನು ನಂಬಿ ಅಲ್ಲ, ಬಿಂದುವಿನ ಕಾಟ ತಡೆಯಲಾರದೆ ಎಂದು ಕೇಳಿದ್ದೇನೆ. ಆಗಲಿ, ಬಂದರಲ್ಲ.

ಈ ಶೆಡ್ಡಿನಲ್ಲಿ ಪೇಂಟನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸುರಿದಿಡುವಂತಿಲ್ಲ. ಲೇಬಲ್ ಎಲ್ಲರಿಗೂ ಕಾಣುವಂತಿರಲಿ. ಓದಲು ಬಾರದಿದ್ದರೆ ಓದಿಸಿಕೊಳ್ಳಿ, ನಾನೂ ಈಗ ಹಾಗೆಯೇ ಮಾಡುತ್ತೇನೆ. ಪ್ರತಿದಿನ ಬೆಳಿಗ್ಗೆ ಉಸಿರಿನ ಬಲ ಅಳೆಯುವ ಈ ಚಿಕ್ಕ ಕೊಳವೆಯನ್ನು ಬಲವಾಗಿ ಊದಿ, ಮುಳ್ಳು ಎಲ್ಲಿಗೆ ಹೋಯಿತೆಂದು ನಿಮ್ಮ ನಿಮ್ಮ ಹೆಸರಿನ ಮುಂದೆ ಬರೆಯಿರಿ. ಮುಳ್ಳು ಇಳಿಯತೊಡಗಿದರೆ ಆ ದಿನ ಗನ್ ಇಲ್ಲ, ಡಾಕ್ಟರ ಬಳಿಗೆ ಹೋಗುವುದು. ಅವರು ಬೇಡವೆಂದರೆ ಮುಂದೆಂದೂ ಇಲ್ಲ. ಅಂಥವರು ನಾಚಿಕೆಪಡಬೇಡಿ. ಆ ಕಿಟಕಿಯ ಪಕ್ಕದಲ್ಲಿ ಚರ್ಮದ ಬೆಂಚಿದೆ. ನಾನು ದಿನವಿಡೀ ಕುಳಿತಿರುವುದು ಅಲ್ಲಿಯೇ. ನಾನೂರ ಹದಿನೆಂಟು ತೂತುಗಳಲ್ಲಿ ಒಂದನ್ನೂ ತಪ್ಪಿಸದೆ ಹೊಲಿಯುವುದು ಯಾವ ಬಣ್ಣಕ್ಕೂ ಕಡಿಮೆಯಾದ ವಿದ್ಯೆಯಲ್ಲ. ಇದು ನನಗೆ ತಡವಾಗಿ ತಿಳಿಯಿತು.

ಕೆಮ್ಮು ಬಂದರೆ ಹೇಳಿ. ನನಗೆ ಕಿವಿ ಕೇಳಿಸದು. ಭುಜ ಮುಟ್ಟಿ ಹೇಳಿ. ನಾನು ತಮಾಷೆ ಮಾಡಿದರೆ ಬಿಂದುವಿಗೆ ಹೇಳಿ.

ಹೊರಗೆ ಮಹಾಗಣಪತಿ ತಂದಿಳಿಸಿದ ಹಳೆಯ ಬಾನೆಟ್ಟೊಂದು ಕಾಯುತ್ತಿದೆ. ಅದರ ಮೇಲೆ ಐದು ಪದರ ಬಣ್ಣವಿದೆ, ಎಲ್ಲಕ್ಕಿಂತ ಕೆಳಗಿನದು ಯಾವುದೆಂದು ಯಾರಿಗೂ ಗೊತ್ತಿಲ್ಲ. ಒಬ್ಬೊಬ್ಬರೂ ಒಂದೊಂದು ಮುಖವಾಡ ತೆಗೆದುಕೊಳ್ಳಿ. ಅಂಚು ಕೆನ್ನೆಗೆ ಸರಿಯಾಗಿ ಕೂತಿದೆಯೇ ಎಂದು ನಿಮ್ಮದನ್ನು ನೀವೇ ನೋಡಿಕೊಳ್ಳಬೇಡಿ. ಪಕ್ಕದವರದನ್ನು ನೀವು ನೋಡಿ, ನಿಮ್ಮದನ್ನು ಅವರು ನೋಡಲಿ. ಬಣ್ಣ ಉಜ್ಜುವ ವಾಟರ್ ಪೇಪರನ್ನು ನೀರಿಗೆ ಹಾಕಿ. ಬಾಗಿಲು ಕಿಟಕಿಗಳನ್ನೆಲ್ಲ ತೆರೆಯಿರಿ.

ಏಳಿ, ಶುರು ಮಾಡೋಣ.

ಕನ್ನಪ್ಪ